ಎಂಜಲು ಬೇರೆ, ಮಿಕ್ಕ ಅನ್ನ ಬೇರೆ

(ಪೆಂಡುರ್ತಿಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ವಿಶಾಖಪಟ್ಟಣದ ಅಂಚಿನ ಈ ಊರಿನಲ್ಲಿ ನಾವು ಯುಗಾದಿಗೋ ರಾಜ್ಯೋತ್ಸವಕ್ಕೋ ಕಲೆತರೆ, ಬಂದವರನ್ನು ಉಣಿಸದೆ ಕಳುಹಿಸುವ ಪದ್ಧತಿಯಿಲ್ಲ. ಅದು ನಮ್ಮ ಹೆಮ್ಮೆ. ಈ ಹೆಮ್ಮೆಗೆ ಇನ್ನೊಂದು ಮುಖವೂ ಉಂಟು. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಪೋಲಾಗುತ್ತಿದೆಯೆಂದು ಅಲ್ಲಿನ ಕೃಷಿ ವಿಶ್ವವಿದ್ಯಾನಿಲಯದ ಸಮೀಕ್ಷೆಯು 2012ರಲ್ಲಿ ಅಂದಾಜು ಮಾಡಿತು.

ಇದನ್ನು ಕಾನೂನು ತಡೆಯಬಲ್ಲುದೇ? 1960ರ ದಶಕದ ಅಭಾವದ ದಿನಗಳಲ್ಲಿ ಅತಿಥಿಗಳ ಸಂಖ್ಯೆಯನ್ನು ಮಿತಗೊಳಿಸುವ ಆಜ್ಞೆಗಳು ಬಂದಿದ್ದವು. ಅವು ಉಣ್ಣುವವರನ್ನು ಎಣಿಸಿದವು. ಉಳಿದ ಅನ್ನಕ್ಕೆ ದಾರಿ ತೋರಿಸಲಿಲ್ಲ. ಸದುದ್ದೇಶದಿಂದ ಆಹಾರ ದಾನ ಮಾಡಿದವರನ್ನು, ಘೋರ ನಿರ್ಲಕ್ಷ್ಯ ತೋರದಿದ್ದ ಪಕ್ಷದಲ್ಲಿ, ಅಮೆರಿಕವು 1996ರ ಕಾಯಿದೆಯಿಂದ ಮೊಕದ್ದಮೆಯ ಭಯದಿಂದ ಪಾರುಮಾಡಿತು. 400 ಚದರ ಮೀಟರಿಗೂ ದೊಡ್ಡದಾದ ಆಹಾರದ ಅಂಗಡಿಗಳು ದತ್ತಿಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಳ್ಳಬೇಕೆಂದು ಫ್ರಾನ್ಸ್ 2016ರಲ್ಲಿ ವಿಧಿಸಿತು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೂ ಮಿಕ್ಕ ಆಹಾರದ ಸಂಗ್ರಹ ಹಾಗೂ ವಿತರಣೆಗಾಗಿ 2019ರಲ್ಲಿ ನಿಯಮಾವಳಿಯನ್ನು ಹೊರಡಿಸಿತು. ಅದು ದಾನವನ್ನು ಕಡ್ಡಾಯ ಮಾಡಲಿಲ್ಲ; ದಾನವಾಗುವ ಆಹಾರ ಸುರಕ್ಷಿತವಾಗಿರಬೇಕು, ಅದಕ್ಕೆ ಲೆಕ್ಕವಿರಬೇಕು ಎಂದಿತು.

ಈ ವಿವೇಕವನ್ನು ನಮ್ಮ ನುಡಿ ಮೊದಲೇ ಬಲ್ಲದು. ಪಾತ್ರೆಯಲ್ಲಿ ಉಳಿದುದು ಮಿಕ್ಕ ಅನ್ನ. ಎಲೆಯಲ್ಲಿ ಉಳಿದುದು ಎಂಜಲು. ಮೊದಲನೆಯದನ್ನು ಇನ್ನೊಬ್ಬರಿಗೆ ಗೌರವದಿಂದ ಬಡಿಸಬಹುದು. ಎರಡನೆಯದನ್ನು ಯಾವ ಕಾಯಿದೆಯೂ ಮತ್ತೆ ಅನ್ನವಾಗಿಸಲಾರದು. ಅದನ್ನು ತಡೆಯಬೇಕಾದವರು ಬಡಿಸುವವರು ಮತ್ತು ಉಣ್ಣುವವರು.

ಇನ್ನೊಂದು ಮಾತು. ಮಿಕ್ಕುದನ್ನು ಕೊಟ್ಟೊಡನೆ ಹಸಿವಿನ ಋಣ ತೀರಿತೆಂದು ಭಾವಿಸಲಾಗದು. ಸರ್ಕಾರದ ಉಗ್ರಾಣಗಳು ತುಂಬಿರುವಾಗ ಜನ ಹಸಿದಿರುವುದೇಕೆಂದು 2001ರಲ್ಲಿ ಪಿಯುಸಿಎಲ್ ಸಂಸ್ಥೆಯು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. 2013ರ ಆಹಾರ ಭದ್ರತಾ ಕಾಯಿದೆಯು ಅಗ್ಗದ ಧಾನ್ಯವನ್ನು ಕೋಟ್ಯಂತರ ಜನರ ಹಕ್ಕನ್ನಾಗಿಸಿತು. ಆ ಹಕ್ಕಿಗೆ ನಮ್ಮ ದಾನ ಬದಲಿಯಲ್ಲ.

ಆದುದರಿಂದ ಸಂಘದ ಮುಂದೆ ಮೂರು ಸಲಹೆಗಳನ್ನಿಡುತ್ತೇನೆ. ಊಟಕ್ಕೆ ಬರುವವರ ಸಂಖ್ಯೆಯನ್ನು ಎರಡು ದಿನ ಮೊದಲೇ ತಿಳಿದು ಅಡುಗೆಯವರಿಗೆ ಅಳತೆ ಹೇಳೋಣ. ಪಂಕ್ತಿಯಲ್ಲಿ ಕೇಳಿ ಬಡಿಸೋಣ. ಒಲ್ಲೆನೆಂದವರನ್ನು ಬಲವಂತ ಮಾಡದಿರುವುದೂ ಉಪಚಾರವೇ. ಮಿಕ್ಕ ಅಡುಗೆಯನ್ನು ಒಯ್ಯುವ ಸಂಸ್ಥೆಯನ್ನು ಹಬ್ಬಕ್ಕೆ ಮೊದಲೇ ಗೊತ್ತುಮಾಡೋಣ. ಈ ಕರಾವಳಿಯ ಸೆಕೆಯಲ್ಲಿ ಮಧ್ಯಾಹ್ನದ ಹುಳಿಯನ್ನು ಸಂಜೆಯವರೆಗೆ ಹಾಗೆಯೇ ಇಡುವಂತಿಲ್ಲ. ಕೈತೊಳೆದ ಮೇಲೆ ಯಾರಿಗೆ ಕೊಡೋಣವೆಂದು ಯೋಚಿಸತೊಡಗಿದರೆ, ಕೊಡುವ ಹೊತ್ತಿಗೆ ಅದು ಕೊಡತಕ್ಕುದಾಗಿ ಉಳಿದಿರುವುದಿಲ್ಲ.