ಹೊಸಬರ ಬೆನ್ನಿಗೆ ಮಂಡಳಿ



ನಮ್ಮೂರುಗಳಲ್ಲಿ ವೃದ್ಧಾಶ್ರಮ, ವಿದ್ಯಾರ್ಥಿನಿಲಯ, ಗ್ರಂಥಾಲಯ ನಡೆಸುವ ಸಂಸ್ಥೆಗಳಲ್ಲಿ ಹಲವು, 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ನೋಂದಾಯಿತವಾದವು. ಆಡಳಿತ ಮಂಡಳಿಯಲ್ಲಿ ಸಾಮಾನ್ಯವಾಗಿ ಸಂಬಳವಿಲ್ಲದೆ ದುಡಿಯುವ ಹಿರಿಯರಿರುತ್ತಾರೆ. ದಿನನಿತ್ಯದ ಹೊಣೆಗೆ ಸಂಬಳದ ಮುಖ್ಯಸ್ಥರೊಬ್ಬರು. ಹೊಸ ಮುಖ್ಯಸ್ಥರು ಬಂದ ದಿನ ಹಾರ ಹಾಕಿ, ಫೋಟೋ ತೆಗೆಸಿ, 'ಇನ್ನೆಲ್ಲಾ ನಿಮ್ಮದೇ' ಎಂದು ಎದ್ದುಹೋಗುತ್ತೇವೆ. ಸಸಿ ನೆಟ್ಟು ನೀರನ್ನು ಮಳೆಗೆ ಬಿಟ್ಟಂತೆ ಇದು.

ಮಂಡಳಿ ಮೊದಲು ಮಾಡಬೇಕಾದದ್ದು, ಹೊಸಬರಿಗೆ ಇದ್ದದ್ದನ್ನು ಇದ್ದಂತೆ ಹೇಳುವುದು. ಬಾಕಿ ಎಷ್ಟಿದೆ, ಲೆಕ್ಕಪರಿಶೋಧಕರ ಆಕ್ಷೇಪಣೆ ಏನು, ಯಾವ ದಾನಿ ಮುನಿಸಿಕೊಂಡಿದ್ದಾರೆ? ಮುಚ್ಚಿಟ್ಟ ಸಾಲ ಆಮೇಲೆ ಬಯಲಾದರೆ ನಂಬಿಕೆಯೇ ಹೋಗುತ್ತದೆ.

ಎರಡನೆಯದು, ಮೊದಲ ವರ್ಷ ಆಗಲೇಬೇಕಾದ ಮೂರ್ನಾಲ್ಕು ಕೆಲಸಗಳನ್ನು ಜೊತೆಗೆ ಕೂತು ಬರೆದುಕೊಳ್ಳುವುದು. ಮುಖ್ಯಸ್ಥರು ಯಾರನ್ನೂ ಕೇಳದೆ ಎಷ್ಟು ರೂಪಾಯಿ ಖರ್ಚು ಮಾಡಬಹುದೆಂದು ಠರಾವಿನಲ್ಲೇ ಹೇಳಬೇಕು. ಬ್ಯಾಂಕಿನಲ್ಲಿ ಸಹಿ ಬದಲಾಗದಿದ್ದರೆ ಕೊಟ್ಟ ಅಧಿಕಾರವೆಲ್ಲ ಬರೀ ಬಾಯಿಮಾತು.

ಮೂರನೆಯದು ಎಲ್ಲಕ್ಕಿಂತ ಕಷ್ಟ. ಸಿಬ್ಬಂದಿ ಹೊಸ ಮುಖ್ಯಸ್ಥರ ಮೇಲೆ ಚಾಡಿ ಹೊತ್ತು ಅಧ್ಯಕ್ಷರ ಮನೆಗೇ ಬಂದಾಗ, 'ಮೊದಲು ಅವರ ಹತ್ತಿರ ಮಾತಾಡಪ್ಪ' ಎಂದು ವಾಪಸು ಕಳಿಸಬೇಕು. 'ಹಿಂದಿನವರು ಹೀಗಿರಲಿಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬಂದರೂ ನುಂಗಿಕೊಳ್ಳಬೇಕು.

ಹಾಗೆಂದು ಕಣ್ಣು ಮುಚ್ಚಿ ಕೂರಬೇಕಿಲ್ಲ. ಲೆಕ್ಕ ಕೇಳುವುದು, ಪ್ರಶ್ನೆ ಹಾಕುವುದು ಮಂಡಳಿಯ ಕರ್ತವ್ಯ. ಆದರೆ ತಪ್ಪನ್ನು ಒಳಗೆ ತಿದ್ದಬೇಕು, ಹೊರಗೆ ಜೊತೆಗೆ ನಿಲ್ಲಬೇಕು.

ನೀವು ಯಾವುದಾದರೂ ಸಂಸ್ಥೆಯ ಪದಾಧಿಕಾರಿಗಳಾಗಿದ್ದರೆ, ಇವತ್ತೇ ನಿಮ್ಮ ಹೊಸ ಮುಖ್ಯಸ್ಥರಿಗೆ ಫೋನ್ ಮಾಡಿ. ವರದಿ ಕೇಳಬೇಡಿ; 'ನಮ್ಮಿಂದ ಏನಾಗಬೇಕು?' ಎಂದು ಕೇಳಿ.