ಮದುವೆಯ ವಯಸ್ಸು, ಸಂತಾನ ಮತ್ತು ಸೊಸೆಯ ಮೇಲಿನ ಆರೋಪ
(ಜುಮಾ ಪ್ರವಚನದ ಸಾರಾಂಶ)

 

ಸತ್ಯವಿಶ್ವಾಸಿ ಸಹೋದರರೇ, ಇಂದಿನ ವಿಷಯವನ್ನು ಮಿಂಬರ್‌ನಿಂದ ಹೇಳಬೇಕೇ ಎಂದು ಕೆಲವರಿಗೆ ಅನಿಸಬಹುದು. ಆದರೆ ದೀನ್ ಕಲಿಯಲು ನಾಚಿಕೆ ಅಡ್ಡಿಯಾಗಲಿಲ್ಲ ಎಂದು ಅನ್ಸಾರ್ ಮಹಿಳೆಯರನ್ನು ಹೊಗಳಿದವರು ಸ್ವತಃ ಆಯಿಶಾ(ರ). ಮನೆಯೊಳಗೆ ಪಿಸುಮಾತಾಗಿ ಉಳಿದದ್ದೇ ನಾಳೆ ತಲಾಖ್‌ನ ತಕರಾರಾಗಿ ನಮ್ಮ ಜಮಾಅತ್ ಕಮಿಟಿಯ ಮುಂದೆ ಬರುತ್ತದೆ. ‘ಮದುವೆಯಾಗಿ ಇಷ್ಟು ವರ್ಷವಾಯಿತು, ಮಕ್ಕಳಿಲ್ಲ’ ಎಂಬ ಮಾತಿನಿಂದಲೇ ಆ ತಕರಾರು ಶುರುವಾಗುತ್ತದೆ. ಎಷ್ಟು ವರ್ಷ, ಯಾವ ವಯಸ್ಸಿನಲ್ಲಿ, ಯಾರ ಪರೀಕ್ಷೆ ಆಗಿದೆ ಎಂದು ನಾವು ಕೇಳಿದರೆ ಉತ್ತರ ಇರುವುದಿಲ್ಲ.

ಹೆಣ್ಣಿನ ಶರೀರವನ್ನು ಅಲ್ಲಾಹನು ಒಂದು ಲೆಕ್ಕದ ಮೇಲೆ ಸೃಷ್ಟಿಸಿದ್ದಾನೆ. ಹೆಣ್ಣು ಮಗು ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಗಳಿರುತ್ತವೆ. ಪ್ರಾಯಕ್ಕೆ ಬರುವಾಗ 3ರಿಂದ 5 ಲಕ್ಷ ಉಳಿದಿರುತ್ತವೆ. ಹೊಸದಾಗಿ ಉತ್ಪತ್ತಿಯಾಗುವುದಿಲ್ಲ, ಕಡಿಮೆಯಾಗುತ್ತಲೇ ಹೋಗುತ್ತವೆ. ಇಪ್ಪತ್ತರ ಹರೆಯದ ಆರೋಗ್ಯವಂತ ಹೆಣ್ಣಿಗೆ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. 32ರ ಆಸುಪಾಸಿನಿಂದ ಅದು ಇಳಿಯುವುದು ಗೊತ್ತಾಗತೊಡಗುತ್ತದೆ. 37 ದಾಟಿದ ಮೇಲೆ ಇಳಿಕೆ ವೇಗವಾಗುತ್ತದೆ. 40ಕ್ಕೆ ಬರುವಾಗ ತಿಂಗಳಿಗೆ ಇಪ್ಪತ್ತರಲ್ಲಿ ಒಂದರಷ್ಟೇ. ಗರ್ಭಪಾತದ ಸಂಭವವೂ ವಯಸ್ಸಿನೊಂದಿಗೆ ಏರುತ್ತದೆ.

ಇದನ್ನು ಕೇಳಿದ ಕೂಡಲೇ ‘ಹಾಗಾದರೆ ಹುಡುಗಿಯನ್ನು ಬೇಗ ಕಟ್ಟಿಕೊಟ್ಟುಬಿಡೋಣ’ ಎಂದು ಹೊರಡುವ ತಂದೆಯಂದಿರು ಸ್ವಲ್ಪ ನಿಲ್ಲಬೇಕು. ಋತುಮತಿಯಾಗುವುದು ಬೇರೆ, ಮಗುವನ್ನು ಹೊತ್ತು ಹೆರುವಷ್ಟು ಶರೀರ ಬಲಿಯುವುದು ಬೇರೆ. ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ತಾಯಂದಿರಿಗಿಂತ ಹತ್ತೊಂಬತ್ತರೊಳಗಿನ ತಾಯಂದಿರಿಗೆ ಗರ್ಭಿಣಿ ನಂಜು ಮತ್ತು ಹೆರಿಗೆಯ ನಂತರದ ಸೋಂಕು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಲ್ಯದಲ್ಲಿ ಕಟ್ಟಿಕೊಟ್ಟರೆ ಸಂತಾನಕ್ಕೆ ಹೆಚ್ಚುವರಿ ಲಾಭವೇನೂ ಇಲ್ಲ, ತಾಯಿಗೆ ಅಪಾಯ ಮಾತ್ರ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ಕರ್ನಾಟಕದಲ್ಲಿ 20ರಿಂದ 24ರ ಮಹಿಳೆಯರಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಇದು ಎಲ್ಲ ಸಮುದಾಯಗಳ ಒಟ್ಟು ಲೆಕ್ಕ, ನಾವೂ ಅದರಲ್ಲಿದ್ದೇವೆ. ಈ ರಾಜ್ಯದಲ್ಲಿ ಬಾಲ್ಯವಿವಾಹ ಅಪರಾಧ ಮಾತ್ರವಲ್ಲ, ತಿದ್ದುಪಡಿಯಾದ ಕಾನೂನಿನ ಪ್ರಕಾರ ಅದು ಮೊದಲಿನಿಂದಲೇ ಅಸಿಂಧು. ನಿಕಾಹ್‌ಗೆ ಬರುವವರ ಬಳಿ ನಾವು ವಯಸ್ಸಿನ ದಾಖಲೆ ಕೇಳುವಾಗ ಸಿಟ್ಟು ಮಾಡಿಕೊಳ್ಳಬೇಡಿ.

ಇನ್ನೊಂದು ತುದಿಯಲ್ಲಿ ಮೂವತ್ತು ದಾಟಿದರೂ ಸಂಬಂಧ ಕೂಡಿಬರದ ನಮ್ಮ ಹೆಣ್ಣುಮಕ್ಕಳಿದ್ದಾರೆ. ಕೇಳಿದರೆ ‘ಓದಿಸಿದ್ದೇ ತಪ್ಪಾಯಿತು’ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಪದವಿ ಮುಗಿಯುವಾಗ ಹುಡುಗಿಗೆ 21. ಮತ್ತೆರಡು ವರ್ಷ ಬಿ.ಎಡ್. ಮಾಡಿದರೂ, ಎಂ.ಎ. ಮಾಡಿದರೂ 23. ಶರೀರದ ಲೆಕ್ಕದಲ್ಲಿ ಅದು ಒಳ್ಳೆಯ ವಯಸ್ಸು. ಹಾಗಾದರೆ 23ರಿಂದ 31ರ ತನಕದ ಎಂಟು ವರ್ಷ ಎಲ್ಲಿ ಹೋಯಿತು? ಚಿನ್ನದ ಪವನಿನ ಮಾತಿನಲ್ಲಿ, ವರದಕ್ಷಿಣೆಯ ಚೌಕಾಸಿಯಲ್ಲಿ, ‘ಮನೆ ಕಟ್ಟಿ ಆಗಲಿ’ ಎಂಬ ಹುಡುಗನ ಕಡೆಯವರ ಕಾಯಿಸುವಿಕೆಯಲ್ಲಿ, ಹಾಲ್‌ನ ಖರ್ಚು ಹೊಂದಿಸುವುದರಲ್ಲಿ. ಮಹರ್ ಕೊಡಬೇಕಾದವನು ಕೇಳುವವನಾಗಿ ಬಂದು ಕೂತರೆ ಮದುವೆ ತಡವಾಗದೆ ಇನ್ನೇನಾಗುತ್ತದೆ? ಪುಸ್ತಕದ ಮೇಲೆ ಹಾಕುವ ಆ ತಪ್ಪನ್ನು ತಕ್ಕಡಿಯ ಮೇಲೆ ಹಾಕಿ.

ಈಗ ನಮ್ಮ ಕರಾವಳಿಯ ವಿಶೇಷ ಸಮಸ್ಯೆ. ನಮ್ಮ ಎಷ್ಟೋ ಮನೆಗಳಲ್ಲಿ ಗಂಡ ಗಲ್ಫ್‌ನಲ್ಲಿ, ಹೆಂಡತಿ ಊರಲ್ಲಿ. 25ಕ್ಕೆ ಮದುವೆಯಾದಳು ಎಂದಿಟ್ಟುಕೊಳ್ಳಿ. ಗಂಡ ಎರಡು ತಿಂಗಳಿದ್ದು ಹೋದ. ಎರಡು ವರ್ಷ ಕಳೆದು ಎರಡು ತಿಂಗಳು ಬಂದ. ಮತ್ತೆರಡು ವರ್ಷ ಬಿಟ್ಟು ಮತ್ತೆರಡು ತಿಂಗಳು. ಊರವರ ಲೆಕ್ಕದಲ್ಲಿ ಮದುವೆಗೆ ಐದನೇ ವರ್ಷ. ಜೊತೆಗಿದ್ದದ್ದು ಆರೇ ತಿಂಗಳು. ಅದರಲ್ಲೂ ಒಂದು ತಿಂಗಳಲ್ಲಿ ಗರ್ಭ ನಿಲ್ಲಬಹುದಾದ ದಿನಗಳು ಸುಮಾರು ಆರು ಮಾತ್ರ. ಆರು ತಿಂಗಳಿಗೆ ಮೂವತ್ತಾರು ದಿನ. ಆ ರಜೆಯಲ್ಲೇ ನೆಂಟರ ಮನೆ, ತಮ್ಮನ ಮದುವೆ, ಮನೆಯ ರಿಪೇರಿ ಎಲ್ಲವೂ ಆಗಬೇಕು. ಒಟ್ಟಿಗೇ ಬಾಳುವ ನೂರು ಜೋಡಿಗಳಲ್ಲಿ ಸುಮಾರು 85ಕ್ಕೆ ಗರ್ಭ ನಿಲ್ಲುವುದು ಒಂದು ಇಡೀ ವರ್ಷದೊಳಗೆ. ಮೂವತ್ತಾರು ದಿನ ಕೊಟ್ಟು ಐದು ವರ್ಷದ ತೀರ್ಪು ಹೇಳುವುದು ಯಾವ ನ್ಯಾಯ? ಈ ನಡುವೆ ಹೆಣ್ಣಿನ ವಯಸ್ಸು ಮಾತ್ರ ರಜೆ ತೆಗೆದುಕೊಳ್ಳಲಿಲ್ಲ, 25 ಇದ್ದದ್ದು 30 ಆಯಿತು. ಇನ್ನೆರಡು ಸಲ ಅವನು ಹೀಗೆಯೇ ಬಂದು ಹೋದರೆ 34.

ಗಲ್ಫ್‌ನಲ್ಲಿರುವ ನಮ್ಮ ಯುವಕರಿಗೆ ಇದು ತಲುಪಲಿ. ಫ್ಯಾಮಿಲಿ ವೀಸಾ ಎಲ್ಲರಿಗೂ ಸಿಗುವುದಿಲ್ಲ, ಸಂಬಳದ ಮಿತಿ ನಮಗೆ ಗೊತ್ತು. ಆದರೆ ಎರಡನೇ ಅಂತಸ್ತು ಕಟ್ಟುವ ದುಡ್ಡಿನಲ್ಲಿ ಒಂದು ವರ್ಷ ಹೆಂಡತಿಯ ಜೊತೆ ಇರಲು ಸಾಧ್ಯವೇ ಎಂದು ಒಮ್ಮೆ ಲೆಕ್ಕ ಹಾಕಿ. ಅವಳಿಗೆ 30 ದಾಟಿದ್ದರೆ ಇವತ್ತೇ ಹಾಕಿ.

ಇನ್ನು ಪರೀಕ್ಷೆಯ ಮಾತು. ಮಕ್ಕಳಾಗದ ಪ್ರಕರಣಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ಹೀಗಿದ್ದೂ ಸೊಸೆಗೆ ಸ್ಕ್ಯಾನಿಂಗ್, ರಕ್ತಪರೀಕ್ಷೆ, ದರ್ಗಾ, ತಾಯಿತ ಎಲ್ಲ ಮುಗಿದರೂ ಮಗನನ್ನು ಲ್ಯಾಬಿಗೆ ಕಳಿಸಿರುವುದಿಲ್ಲ. ಗಂಡಿನ ಪರೀಕ್ಷೆ ಅತಿ ಸುಲಭದ್ದು, ಖರ್ಚೂ ಕಡಿಮೆ. ಅದನ್ನು ಮಾಡಿಸದೆ ಎರಡನೇ ನಿಕಾಹ್‌ನ ಮಾತೆತ್ತಿದ ಕುಟುಂಬಗಳನ್ನು ನಾವು ಕಂಡಿದ್ದೇವೆ. ಜೊತೆಗೆ ಬಾಳಿ ಒಂದು ವರ್ಷವಾದರೂ ಗರ್ಭ ನಿಲ್ಲದಿದ್ದರೆ ಇಬ್ಬರೂ ವೈದ್ಯರ ಬಳಿ ಹೋಗಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು.

ಚಿಕಿತ್ಸೆ ಹರಾಮೇ ಎಂದು ಕೇಳುವವರಿದ್ದಾರೆ. 1980ರಲ್ಲೇ ಈಜಿಪ್ಟಿನ ಮುಫ್ತಿ ಶೈಖ್ ಜಾದುಲ್ ಹಖ್ ಫತ್ವಾ ಕೊಟ್ಟಿದ್ದಾರೆ: ಗಂಡ ಹೆಂಡತಿಯರ ನಡುವೆಯೇ, ಮದುವೆ ಊರ್ಜಿತದಲ್ಲಿರುವಾಗ ನಡೆಯುವ ಪ್ರನಾಳ ಶಿಶು ಚಿಕಿತ್ಸೆ ಅನುಮತಿಸಲ್ಪಟ್ಟದ್ದು. ಮೂರನೆಯವರ ವೀರ್ಯವಾಗಲಿ ಅಂಡವಾಗಲಿ ಬರಕೂಡದು. ಆದರೆ ಈ ಚಿಕಿತ್ಸೆಯೂ ವಯಸ್ಸನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಹೆಣ್ಣಿನ ವಯಸ್ಸು ಏರಿದಷ್ಟೂ ಸ್ವಂತ ಅಂಡದಿಂದ ಅದು ಫಲಿಸುವ ಸಂಭವ ಇಳಿಯುತ್ತದೆ. ‘ನಂತರ ನೋಡಿಕೊಳ್ಳೋಣ, ಆಸ್ಪತ್ರೆಗಳಿವೆಯಲ್ಲ’ ಎಂದುಕೊಳ್ಳುವವರು ಇದನ್ನು ನೆನಪಿಡಲಿ.

ಎಲ್ಲ ಮಾಡಿಯೂ ಮಕ್ಕಳಾಗದವರು ಇರುತ್ತಾರೆ. ಯಾರಿಗೆ ಹೆಣ್ಣು, ಯಾರಿಗೆ ಗಂಡು, ಯಾರಿಗೆ ಎರಡೂ, ಯಾರಿಗೆ ಏನೂ ಇಲ್ಲ ಎಂಬುದು ತನ್ನ ಇಚ್ಛೆ ಎಂದು ಸೂರಃ ಅಶ್ಶೂರಾದಲ್ಲಿ ಅಲ್ಲಾಹನು ತಿಳಿಸಿದ್ದಾನೆ. ಆಯಿಶಾ(ರ) ಹೆರಲಿಲ್ಲ. ಹಫ್ಸಾ(ರ) ಅವರಿಗೂ ಪ್ರವಾದಿಯವರಿಂದ(ಸ) ಮಕ್ಕಳಾಗಲಿಲ್ಲ. ಅವರಿಬ್ಬರೂ ನಮಗೆಲ್ಲ ಉಮ್ಮಹಾತುಲ್ ಮುಅ್‌ಮಿನೀನ್, ವಿಶ್ವಾಸಿಗಳ ಮಾತೆಯರು. ಅಕ್ಕನ ಮಗ ಅಬ್ದುಲ್ಲಾರ ಹೆಸರಿನಲ್ಲಿ ಆಯಿಶಾರನ್ನು(ರ) ‘ಉಮ್ಮು ಅಬ್ದುಲ್ಲಾ’ ಎಂದು ಕರೆಯಿಸಿದವರು ಪ್ರವಾದಿಯವರೇ(ಸ). ತೊಟ್ಟಿಲ ಕಾರ್ಯಕ್ಕೆ ಕರೆದು, ಮಕ್ಕಳಿಲ್ಲದವಳು ಮಗುವನ್ನು ಮುಟ್ಟಬಾರದೆಂದು ಬದಿಗೆ ನಿಲ್ಲಿಸುವ ಮನೆಗಳು ನಮ್ಮ ಮಹಲ್ಲಾದಲ್ಲಿ ಇನ್ನೂ ಇವೆ. ಆ ಮಗುವನ್ನು ಮೊದಲು ಅವಳ ಕೈಗೇ ಕೊಡಿ.

ಹೆಂಡತಿಗೆ ಮಕ್ಕಳಾಗಿಲ್ಲವೆಂದು ತಲಾಖ್‌ನ ಅರ್ಜಿ ತರುವವರು ಇನ್ನು ಮುಂದೆ ಮೂರು ವಿಷಯ ಬರೆದು ತರಲಿ ಎಂದು ಕಮಿಟಿಯವರ ಜೊತೆ ಕೂತು ನಾವು ತೀರ್ಮಾನಿಸಿದ್ದೇವೆ. ಒಟ್ಟಿಗೆ ಬಾಳಿದ್ದು ಎಷ್ಟು ತಿಂಗಳು, ವೈದ್ಯರನ್ನು ಕಂಡದ್ದು ಯಾವಾಗ, ಗಂಡನ ಪರೀಕ್ಷೆಯ ವರದಿ ಏನು. ಅರ್ಜಿಯನ್ನು ಓದುವುದು ಅದಾದ ಮೇಲೆ.