ಚಿನ್ನವಿದ್ದೂ ಗಿಟ್ಟದ ಗಣಿ



2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿ, ಅಂದರೆ ಕೆಜಿಎಫ್, ಮುಚ್ಚಿತು. ಅಂದು ನೆಲದಡಿ ಚಿನ್ನ ಖಾಲಿಯಾಗಿರಲಿಲ್ಲ. ಒಂದು ಗ್ರಾಂ ಚಿನ್ನವನ್ನು ಮೇಲೆ ತರಲು ಆಗುತ್ತಿದ್ದ ಖರ್ಚು, ಅದನ್ನು ಮಾರಿದರೆ ಬರುತ್ತಿದ್ದ ಹಣವನ್ನು ಎಂದೋ ದಾಟಿಹೋಗಿತ್ತು. ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ 1992ರಲ್ಲೇ ರೋಗಗ್ರಸ್ತ ಉದ್ಯಮವಾಗಿ ಕೈಗಾರಿಕಾ ಮತ್ತು ಹಣಕಾಸು ಪುನಶ್ಚೇತನ ಮಂಡಳಿಯ (ಬಿಐಎಫ್‌ಆರ್) ಮುಂದೆ ನಿಂತಿತ್ತು. ಕೊನೆಗೆ ‘ನಷ್ಟದ ಗಣಿ’ ಎಂಬ ಎರಡೇ ಮಾತಿನಲ್ಲಿ 120 ವರ್ಷದ ಉದ್ಯಮದ ಕಥೆ ಮುಗಿಯಿತು. ಇವತ್ತು ಆ ಎರಡು ಮಾತಿನ ಹಿಂದಿರುವ ಲೆಕ್ಕವನ್ನು ಬಿಡಿಸಿ ನೋಡಬೇಕೆಂದಿದ್ದೇನೆ.

ಆದಾಯ, ವೆಚ್ಚ, ಲಾಭ ಎಂಬ ಮೂರು ಅಂಕಿಗಳು ಒಂದು ಉದ್ಯಮವನ್ನು ಹೇಗೆ ಎತ್ತುತ್ತವೆ, ಹೇಗೆ ಕೆಡವುತ್ತವೆ ಎಂದು ತಿಳಿಯಲು ಕೆಜಿಎಫ್‌ನಷ್ಟು ನಿಚ್ಚಳವಾದ ಉದಾಹರಣೆ ನಮ್ಮ ನಾಡಿನಲ್ಲಿ ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಸೋಪು ಮಾಡುವವರಿಗೆ, ಗಡಿಯಾರ ಮಾಡುವವರಿಗೆ ಗಿರಾಕಿ ಬರುತ್ತಾನೋ ಇಲ್ಲವೋ ಎಂಬ ಚಿಂತೆ. ಜಾಹೀರಾತು, ಪೈಪೋಟಿ, ಫ್ಯಾಷನ್ನು, ಗೋದಾಮಿನಲ್ಲಿ ಉಳಿದ ಮಾಲು. ಚಿನ್ನಕ್ಕೆ ಈ ಯಾವ ತಾಪತ್ರಯವೂ ಇಲ್ಲ. ತೆಗೆದಷ್ಟೂ ಖರ್ಚಾಗುತ್ತದೆ, ಗುಣಮಟ್ಟ ಎಲ್ಲ ಕಾಲಕ್ಕೂ ಒಂದೇ. ಹಾಗಾಗಿ ಇಲ್ಲಿ ಲೆಕ್ಕ ಬೆತ್ತಲಾಗಿ ಕಾಣುತ್ತದೆ. ನನ್ನ ವಾದ ಇಷ್ಟು: ಕೆಜಿಎಫ್‌ನ ನಷ್ಟದ ಬೀಜ ಬಿದ್ದದ್ದು 1990ರ ದಶಕಕ್ಕೆ ಬಹಳ ಮೊದಲು, ಲಾಭ ತುಂಬಿ ಹರಿಯುತ್ತಿದ್ದ ವರ್ಷಗಳಲ್ಲಿ.

ಮೊದಲು ಖರ್ಚಿನ ಮಾತು. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಹೆಸರು ಕೊಟ್ಟ ಮೈಕೆಲ್ ಲ್ಯಾವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಪರವಾನಗಿ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಕೆಲವು ವರ್ಷ ಹಣ ಕರಗಿತೇ ಹೊರತು ಚಿನ್ನ ಹೇಳಿಕೊಳ್ಳುವಷ್ಟು ಬರಲಿಲ್ಲ. ಆಮೇಲೆ ಸಿಕ್ಕಿದ್ದು ಚಾಂಪಿಯನ್ ಲೋಡ್ ಎಂಬ ಸಿರಿವಂತ ಪದರ. ಆ ಮೊದಲ ದಶಕದಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂಗೂ ಮೇಲೆ ಚಿನ್ನ ಸಿಗುತ್ತಿತ್ತು. ಕೊನೆಗಾಲಕ್ಕೆ ಅದು 3 ಗ್ರಾಂ ಆಸುಪಾಸಿಗೆ ಇಳಿದಿತ್ತು. ಒಂದು ಕಿಲೋ ಚಿನ್ನಕ್ಕೆ ಅಂದು 25 ಟನ್ ಕಲ್ಲು ಒಡೆದರೆ ಸಾಕಿತ್ತು, ಕೊನೆಗೆ 330 ಟನ್ನಿಗೂ ಹೆಚ್ಚು ಒಡೆಯಬೇಕಾಯಿತು. ಚಿನ್ನ ಅಷ್ಟೇ, ಕಲ್ಲು 13 ಪಟ್ಟು.

ಆ ಕಲ್ಲಾದರೂ ಎಲ್ಲಿಂದ ಬರಬೇಕಿತ್ತು? ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ನೆಲದಿಂದ 3.2 ಕಿಲೋಮೀಟರ್ ಆಳ ಮುಟ್ಟಿತ್ತು. ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತದೆ. ಆ ಆಳದಿಂದ ಬರುವ ಒಂದು ಟನ್ ಕಲ್ಲಿನ ಬೆನ್ನು ಹತ್ತಿ ಹೋಗೋಣ. ಬೆಳಗಿನ ಪಾಳಿಯ ಕಾರ್ಮಿಕ ಕೇಜಿನಲ್ಲಿ ನಿಂತು ಇಳಿಯುತ್ತಾನೆ. ಒಂದೇ ಹಗ್ಗ ಅಷ್ಟು ಆಳಕ್ಕೆ ಸಾಲದು. ನಡುವೆ ಇಳಿದು, ಸುರಂಗದಲ್ಲಿ ನಡೆದು, ನೆಲದೊಳಗೇ ಇರುವ ಇನ್ನೊಂದು ಶಾಫ್ಟ್‌ನ ಕೇಜ್ ಹತ್ತಬೇಕು. ಕೆಲಸದ ಜಾಗ ಮುಟ್ಟುವಷ್ಟರಲ್ಲಿ ಪಾಳಿಯ ಒಂದು ಪಾಲು ದಾರಿಯಲ್ಲೇ ಕಳೆದಿರುತ್ತದೆ. ಆ ಹೊತ್ತಿಗೂ ಕೂಲಿ ಇದೆ. ಅವನು ಉಸಿರಾಡಬೇಕಾದರೆ ಮೇಲಿಂದ ತಂಪು ಮಾಡಿದ ಗಾಳಿಯನ್ನು ನೂಕಬೇಕು, ಆ ಯಂತ್ರ ಹಗಲೂ ರಾತ್ರಿ ನಿಲ್ಲುವ ಹಾಗಿಲ್ಲ. ಚಿನ್ನ ತೆಗೆದ ಜಾಗ ಟೊಳ್ಳಾಗುತ್ತದೆ. ಮೇಲಿನ ಬಂಡೆಯ ಭಾರಕ್ಕೆ ಅದು ಗುಂಡು ಹಾರಿದಂತೆ ಸಿಡಿಯುತ್ತದೆ. ಅದೇ ರಾಕ್ ಬರ್ಸ್ಟ್. ಮೇಲಿನ ಊರಿನ ಮನೆಗಳೂ ಅದಕ್ಕೆ ನಡುಗುತ್ತಿದ್ದವು. ಅದನ್ನು ತಡೆಯಲು ಮರದ ಆಧಾರ ಸಾಲದೆ, ಗ್ರಾನೈಟ್ ಕಲ್ಲನ್ನು ಮೇಲಿಂದ ಕೆಳಗೆ ಇಳಿಸಿ ಗೋಡೆ ಕಟ್ಟಿದರು. ಚಿನ್ನದ ಕಲ್ಲನ್ನು ಮೇಲೆತ್ತಲು ಬರೀ ಕಲ್ಲನ್ನು ಕೆಳಗಿಳಿಸುವ ಖರ್ಚು! ಇಷ್ಟೆಲ್ಲ ಆದಮೇಲೆ ಆ ಟನ್ ಕಲ್ಲು ಎರಡೆರಡು ಶಾಫ್ಟ್ ಏರಿ ಬಂದು, ಮಿಲ್ಲಿನಲ್ಲಿ ಹಿಟ್ಟಾಗಿ, ಸೈನೈಡ್ ನೀರಿನಲ್ಲಿ ನೆನೆದು, 3 ಗ್ರಾಂ ಲೋಹ ಬಿಟ್ಟುಕೊಡುತ್ತದೆ. ಮದುವೆಯ ಒಂದು ಸಣ್ಣ ಉಂಗುರಕ್ಕಾಗುವಷ್ಟು.

ಈ ಖರ್ಚಿನಲ್ಲಿ ಎರಡು ಬಗೆ ಇದೆ. ಮದ್ದು, ಡ್ರಿಲ್ಲಿನ ಮೊನೆ, ಸೈನೈಡ್ ಇವು ಎಷ್ಟು ಅದಿರು ತೆಗೆಯುತ್ತೀರೋ ಅಷ್ಟಕ್ಕೆ ತಕ್ಕಂತೆ. ಆದರೆ ಗಾಳಿ, ಶಾಫ್ಟ್, ವಿದ್ಯುತ್ತು, ಬೇತಮಂಗಲದಿಂದ ಬರುವ ನೀರು, ಆಸ್ಪತ್ರೆ, ಕಾರ್ಮಿಕರ ಲೈನ್ ಮನೆಗಳು ಇವು ಅದಿರು ಬರಲಿ ಬಿಡಲಿ ಇದ್ದೇ ಇರುವ ಖರ್ಚು. ಒಂದು ಕಾಲಕ್ಕೆ 30,000ಕ್ಕೂ ಹೆಚ್ಚು ಜನ ದುಡಿದ ಊರು ಅದು. ಆ ಇಡೀ ಊರು ಗಣಿಯ ಖರ್ಚಿನ ಪುಸ್ತಕದಲ್ಲಿತ್ತು. ನಷ್ಟ ಎಂದ ಕೂಡಲೇ ಉತ್ಪಾದನೆ ಕಡಿಮೆ ಮಾಡೋಣ, ಹೊಸಬರನ್ನು ಸೇರಿಸುವುದು ಬೇಡ, ಯಂತ್ರ ಕೊಳ್ಳುವುದು ಬೇಡ ಎನ್ನುವುದು ಮೇಲ್ನೋಟಕ್ಕೆ ಜಾಣತನ. ಇಂಥ ಗಣಿಯಲ್ಲಿ ಅದು ಉಲ್ಟಾ ಹೊಡೆಯುತ್ತದೆ. ಅದಿರು ಅರ್ಧಕ್ಕೆ ಇಳಿದರೆ ಗಾಳಿಯ ಖರ್ಚು ಅರ್ಧವಾಗುವುದಿಲ್ಲ. ಉಳಿದ ಪ್ರತಿ ಗ್ರಾಂ ಮೇಲೆ ಅದರ ಹೊರೆ ದುಪ್ಪಟ್ಟಾಗುತ್ತದೆ. ಮುಂದಿನ ವರ್ಷ ನಷ್ಟ ಇನ್ನೂ ಹೆಚ್ಚು, ಮತ್ತೆ ಕಡಿತ. ಕೊನೆಯ ಎರಡು ದಶಕ ಕೆಜಿಎಫ್ ಈ ಸುಳಿಯಲ್ಲಿ ಸಿಕ್ಕಿತ್ತು. ಕಾರ್ಮಿಕರು ಸೋಮಾರಿಗಳಾದರು, ಯೂನಿಯನ್ನುಗಳು ಮುಳುಗಿಸಿದವು ಎಂದು ಹೇಳುವವರನ್ನು ಕೇಳಿದ್ದೇನೆ. ಅವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ಖರ್ಚು ಇಳಿಸಿದ ಉದಾಹರಣೆಯೂ ಇಲ್ಲೇ ಇದೆ. ಗಣಿಗಳು ಮೊದಲು ಸೌದೆ, ಕಲ್ಲಿದ್ದಲಿನ ಉಗಿಯಂತ್ರಗಳಿಂದ ನಡೆಯುತ್ತಿದ್ದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕಾವೇರಿಯ ವಿದ್ಯುತ್ತನ್ನು ಕೆಜಿಎಫ್‌ಗೆ ತಂದರು. ಪ್ರಪಂಚದಲ್ಲೇ ಅಷ್ಟು ಉದ್ದದ ತಂತಿ ಆಗ ಅಪರೂಪ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹೊತ್ತುಕೊಂಡ ಕೆಲಸ. ಅದು ಗಣಿಗೆ ದೀಪವನ್ನಷ್ಟೇ ಕೊಡಲಿಲ್ಲ. ನಿನ್ನೆಯವರೆಗೆ ಬಿಸಾಡುತ್ತಿದ್ದ ಕಡಿಮೆ ಚಿನ್ನದ ಕಲ್ಲು ಅಗ್ಗದ ವಿದ್ಯುತ್ತಿನಿಂದ ಅದಿರಿನ ಲೆಕ್ಕಕ್ಕೆ ಬಂತು. 1905ರಲ್ಲಿ ಉತ್ಪಾದನೆ ತುದಿ ಮುಟ್ಟಿತು, ವರ್ಷಕ್ಕೆ ಸುಮಾರು 19 ಟನ್. ಯಾವುದು ಅದಿರು, ಯಾವುದು ಕಸ ಎಂಬ ಗೆರೆ ಬಂಡೆಯಲ್ಲಿ ಇರುವುದಿಲ್ಲ. ಖರ್ಚು ಮತ್ತು ದರ ಸೇರಿ ಆ ಗೆರೆ ಎಳೆಯುತ್ತವೆ.

ಈಗ ದರಕ್ಕೆ ಬರೋಣ. ಚಿನ್ನದ ಬೆಲೆಯನ್ನು ಕೆಜಿಎಫ್ ಎಂದೂ ನಿರ್ಧರಿಸಲಿಲ್ಲ. 1931ರಲ್ಲಿ ಬ್ರಿಟನ್ ಚಿನ್ನದ ಮಾನಕವನ್ನು ಕೈಬಿಟ್ಟಾಗ ಪೌಂಡಿನಲ್ಲೂ ರೂಪಾಯಿಯಲ್ಲೂ ಬೆಲೆ ಏರಿತು, ಗಣಿಗಳಿಗೆ ಹೊಸ ಉಸಿರು ಬಂತು, ಇನ್ನೂ ಆಳಕ್ಕೆ ಇಳಿಯಲು ಧೈರ್ಯ ಬಂತು. 1934ರಿಂದ 1971ರವರೆಗೆ ಅಮೆರಿಕ ಔನ್ಸಿಗೆ 35 ಡಾಲರ್ ಎಂದು ಗೂಟ ಹೊಡೆದಿತ್ತು. ಅಷ್ಟರಲ್ಲಿ 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. ಕೇಂದ್ರಕ್ಕೆ ಬಂದ ಮೊದಲ ವರ್ಷಗಳಲ್ಲಿ ಕೆಜಿಎಫ್ ಚಿನ್ನ ಪೇಟೆಗೆ ಹೋಗುತ್ತಿರಲಿಲ್ಲ; ಸರ್ಕಾರಕ್ಕೆ, ಅಧಿಕೃತ ದರದಲ್ಲಿ. ಆ ದರ 10 ಗ್ರಾಂಗೆ 53.58 ರೂಪಾಯಿ, 1966ರ ಅಪಮೌಲ್ಯದ ನಂತರ 84.39. ಆಮದು ನಿಷೇಧವಿದ್ದ ದೇಶದಲ್ಲಿ ಚಿನ್ನದ ಅಂಗಡಿಯ ಬೆಲೆ ಅದಕ್ಕಿಂತ ಎಷ್ಟೋ ಮೇಲಿತ್ತು. ಅಂದರೆ ಕೂಲಿ, ಸಿಮೆಂಟು, ಯಂತ್ರದ ಬೆಲೆ ಆ ಹೊತ್ತಿನದು. ಮಾರುವ ಬೆಲೆ 1934ರಲ್ಲಿ ವಾಷಿಂಗ್ಟನ್ನಿನಲ್ಲಿ ಬರೆದದ್ದು. ಆ ವ್ಯತ್ಯಾಸದ ಹಣ ದೇಶದ ಖಜಾನೆಗೆ ಚಿನ್ನದ ರೂಪದಲ್ಲಿ ಸೇರಿತು, ಗಣಿಯ ಪುಸ್ತಕದಲ್ಲಿ ನಷ್ಟದ ರೂಪದಲ್ಲಿ ಉಳಿಯಿತು. ಒಂದೇ ವ್ಯವಹಾರ, ಎರಡು ಪುಸ್ತಕ. ಕೆಜಿಎಫ್ ದೇಶಕ್ಕೆ ಹೊರೆಯಾಗಿತ್ತು ಎನ್ನುವ ಮಾತನ್ನು ಆ ವರ್ಷಗಳ ಮಟ್ಟಿಗಾದರೂ ನಾನು ಒಪ್ಪುವುದಿಲ್ಲ.

ಮುಚ್ಚುವ ಹೊತ್ತಿಗೆ ದರ ಮುಕ್ತವಾಗಿತ್ತು, ಆದರೆ ನೆಲಕಚ್ಚಿತ್ತು. 2001ರ ಆರಂಭದಲ್ಲಿ ಔನ್ಸಿಗೆ 270 ಡಾಲರಿನ ಆಸುಪಾಸು. 2011ರಲ್ಲಿ ಅದು 1,800 ದಾಟಿತು, 2020ರಲ್ಲಿ 2,000.

ಇನ್ನು ಲಾಭ. ನನ್ನ ಮುಖ್ಯ ತಕರಾರು ಇಲ್ಲೇ ಇರುವುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ತೆಂಗಿನ ತೋಟದವನು ಕಾಯಿ ಮಾರಿದರೆ ಬಂದದ್ದು ಆದಾಯ. ತೋಟದ ಮೇಲ್ಮಣ್ಣನ್ನೇ ಲಾರಿಗೆ ತುಂಬಿ ಮಾರಿದರೆ ಬಂದದ್ದು ಆಸ್ತಿಯ ಬೆಲೆ. ಗಣಿಯಲ್ಲಿ ಮಾರುವ ಪ್ರತಿ ಗ್ರಾಂ ಆ ಮಣ್ಣಿನ ಜಾತಿಗೆ ಸೇರಿದ್ದು. ಅದು ಮತ್ತೆ ಬೆಳೆಯುವುದಿಲ್ಲ. ಮಾರಾಟದ ಹಣದಿಂದ ಆ ವರ್ಷದ ಖರ್ಚು ಕಳೆದು ಉಳಿದದ್ದನ್ನೆಲ್ಲ ಲಾಭ ಎಂದು ಕರೆದರೆ, ಅಸಲನ್ನೂ ಲಾಭದ ಜೊತೆಗೆ ಹಂಚಿದಂತೆ. ಟೇಲರ್ ಕಾಲದಲ್ಲಿ ಹಾಗೇ ನಡೆಯಿತು. ಟನ್ನಿಗೆ 40 ಗ್ರಾಂ ಸಿಗುತ್ತಿದ್ದ, ಆಳ ಕಡಿಮೆಯಿದ್ದ, ಕೂಲಿ ಅಗ್ಗವಾಗಿದ್ದ ಆ ವರ್ಷಗಳ ಹಣ ಡಿವಿಡೆಂಡ್ ಆಗಿ ಲಂಡನ್ನಿಗೆ ಹೋಯಿತು. ಮೈಸೂರು ಸಂಸ್ಥಾನಕ್ಕೆ ಸಿಕ್ಕಿದ್ದು ಮುಖ್ಯವಾಗಿ ಚಿನ್ನದ ಮೌಲ್ಯದ ಮೇಲೆ 5% ರಾಯಧನ. ಎಲ್ಲ ವರ್ಷ ಸೇರಿ ಕೆಜಿಎಫ್ ಕೊಟ್ಟದ್ದು ಸುಮಾರು 800 ಟನ್ ಚಿನ್ನ. 5 ಕೋಟಿ ಟನ್ನಿಗೂ ಹೆಚ್ಚು ಅದಿರಿನಿಂದ ಬಂದದ್ದು. ಸರಾಸರಿ ಟನ್ನಿಗೆ 15 ಗ್ರಾಂ ಮೇಲೆ. ಈ ಸರಾಸರಿಯನ್ನು ಗಮನಿಸಿ. ಇಡೀ ಆಯುಷ್ಯವನ್ನು ಒಂದೇ ಲೆಕ್ಕವಾಗಿ ನೋಡಿದರೆ ಇದು ಲಾಭದ ಗಣಿ, ಬಲು ದೊಡ್ಡ ಲಾಭದ ಗಣಿ. ವರ್ಷ ವರ್ಷದ ಲೆಕ್ಕವಾಗಿ ತುಂಡರಿಸಿದಾಗ ಮಾತ್ರ ಮೊದಲ ತುಂಡು ಷೇರುದಾರರ ಪಾಲಾಯಿತು, ಕೊನೆಯ ತುಂಡು ಸರ್ಕಾರದ, ಕಾರ್ಮಿಕರ ಪಾಲಾಯಿತು. ಸಿರಿವಂತ ವರ್ಷಗಳ ಪ್ರತಿ ಟನ್ನಿನಿಂದ ಒಂದಿಷ್ಟು ತೆಗೆದಿಟ್ಟಿದ್ದರೆ ಆಳದ ವರ್ಷಗಳಿಗೂ ಮುಚ್ಚುವ ದಿನಕ್ಕೂ ನಿಧಿ ಇರುತ್ತಿತ್ತು. ಆ ನಿಧಿ ಯಾರ ಲೆಕ್ಕದಲ್ಲೂ ಇರಲಿಲ್ಲ.

ಲೆಕ್ಕಕ್ಕೆ ಬಾರದ ಬೇರೆ ಬಾಬತ್ತುಗಳೂ ಇವೆ. ಒಂದು ಸಂತೋಷದ್ದು: 1965ರಲ್ಲಿ ಚಾಂಪಿಯನ್ ರೀಫ್‌ನ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ, ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಹಿಡಿದರು. ಗಣಿಯ ಹಣ ನುಂಗಿದ ಆಳವೇ ವಿಜ್ಞಾನಕ್ಕೆ ವರವಾಯಿತು. ಇನ್ನೊಂದು ನೋವಿನದು: ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಬರುವ ಸಿಲಿಕೋಸಿಸ್. 1940ರ ದಶಕದ ತಪಾಸಣೆಗಳಲ್ಲೇ ಅದು ದೊಡ್ಡ ಪ್ರಮಾಣದಲ್ಲಿ ಕಂಡುಬಂದಿತ್ತು. ಕೆಲಸ ಬಿಟ್ಟ ಮೇಲೂ, ಗಣಿ ಮುಚ್ಚಿದ ಮೇಲೂ ಆ ಕೆಮ್ಮು ನಿಲ್ಲಲಿಲ್ಲ. ಆ ಖರ್ಚನ್ನು ಕಟ್ಟಿದ್ದು ಮನೆಯವರು. ಉದ್ಯಮ ತನ್ನ ವೆಚ್ಚವನ್ನು ಬೇರೆಯವರ ಮನೆಗೆ ದಾಟಿಸಿದಾಗ ಪುಸ್ತಕದಲ್ಲಿ ಅದು ಲಾಭದಂತೆಯೇ ಕಾಣುತ್ತದೆ.

ಸರ್ಕಾರದ ಗಣಿಯಾದ್ದರಿಂದಲೇ ಮುಳುಗಿತು ಎನ್ನುವವರಿಗೆ ರಾಯಚೂರು ಜಿಲ್ಲೆಯ ಹಟ್ಟಿಯನ್ನು ತೋರಿಸುತ್ತೇನೆ. ಅದೂ ಸರ್ಕಾರದ್ದೇ, ರಾಜ್ಯ ಸರ್ಕಾರದ್ದು. 1947ರಲ್ಲಿ ಕಂಪನಿಯಾಗಿ ಶುರುವಾಯಿತು, ಇವತ್ತಿಗೂ ವರ್ಷಕ್ಕೆ ಒಂದು ಟನ್ನಿಗೂ ಮೇಲೆ ಚಿನ್ನ ತೆಗೆಯುತ್ತಿದೆ. ಅಲ್ಲಿ ಆಳ ಕೆಜಿಎಫ್‌ನ ಮೂರನೇ ಒಂದು ಪಾಲು ಎನ್ನಬಹುದು. ದರ ಏರಿದ ದಶಕಗಳನ್ನು ಅದು ಜೀವಂತವಾಗಿ ಕಂಡಿತು.

ಇಷ್ಟೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ಕೆಜಿಎಫ್‌ನ ಪುಸ್ತಕ ಮತ್ತೆ ತೆರೆಯುತ್ತಿದೆ. ಮಿಲ್ಲಿನಲ್ಲಿ ಅರೆದು ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟು ಅಲ್ಲಿ ಬೂದು ಬಣ್ಣದ ಗುಡ್ಡಗಳಾಗಿ ನಿಂತಿದೆ; ಊರವರ ಬಾಯಲ್ಲಿ ಸೈನೈಡ್ ದಿಬ್ಬ. ಅಂಥ 13 ದಿಬ್ಬಗಳು, ಸಾವಿರ ಎಕರೆಗೂ ಮೇಲೆ, 3 ಕೋಟಿ 30 ಲಕ್ಷ ಟನ್. ಅವುಗಳಿಂದ ಉಳಿಕೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಟನ್ನಿಗೆ ಸಿಗುವುದು ಒಂದು ಗ್ರಾಂಗೂ ಕಡಿಮೆ. ಆದರೂ ಗಿಟ್ಟುತ್ತದೆ, ಏಕೆಂದರೆ ಇಳಿಯಬೇಕಿಲ್ಲ, ಸಿಡಿಸಬೇಕಿಲ್ಲ, ಅರೆಯುವ ಕೆಲಸ ಅಜ್ಜಂದಿರೇ ಮಾಡಿಟ್ಟಿದ್ದಾರೆ. ಅವರ ದುಡಿಮೆ ಈಗ ಗುತ್ತಿಗೆದಾರನ ಲಾಭದ ಒಂದು ಭಾಗ. ದಿಬ್ಬ ಅಗೆದರೆ ಗಾಳಿಗೆ ಏಳುವ ದೂಳು ಮಾತ್ರ ಮಾರಿಕುಪ್ಪಂ, ಆಂಡರ್ಸನ್‌ಪೇಟೆಯ ಮನೆಗಳಿಗೇ ಬರುತ್ತದೆ. ಆದ್ದರಿಂದ ಕರಾರು ಬರೆಯುವ ಮೊದಲೇ ಎರಡು ಬಾಬತ್ತುಗಳು ಖರ್ಚಿನ ಕಡೆ ಕೂರಬೇಕು: ದೂಳು ತಡೆದು ಊರಿನವರ ಆರೋಗ್ಯ ನೋಡಿಕೊಳ್ಳುವ ಹಣ, ಮತ್ತು ಮೊದಲ ಟನ್ನಿನಿಂದಲೇ ಊರಿನ ನಿಧಿಗೆ ಕಟ್ಟುವ ಪಾಲು. ಇವೆರಡನ್ನೂ ಕಳೆದ ಮೇಲೆ ಗಿಟ್ಟಿದರೆ ತೆಗೆಯಲಿ. ಗಿಟ್ಟದಿದ್ದರೆ ದರ ಇನ್ನಷ್ಟು ಏರುವವರೆಗೆ ಆ ಹಿಟ್ಟು ಅಲ್ಲೇ ಇರಲಿ, ಅದರೊಳಗಿನ ಚಿನ್ನ ಎಲ್ಲೂ ಹೋಗುವುದಿಲ್ಲ.